ನಮ್ಮ ಒಂದು ನಾಯಿ ಇನ್ನೊಂದರ ಕಿವಿ ನೆಕ್ಕುತ್ತಲೇ ಇರುತ್ತದೆ, ನಾವು ಮುಟ್ಟಲು ಹೋದರೆ ಗುರ್ರ್ ಅನ್ನುತ್ತದೆ. ಯಾಕೆ?

ತುಂಗಾತೀರ:
ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಹೇಳಿ.

ನಮ್ಮದು ತೀರ್ಥಹಳ್ಳಿ ಕಡೆ, ಅಡಿಕೆ ತೋಟದ ನಡುವೆ ಒಂಟಿ ಮನೆ. ಎರಡು ನಾಯಿ ಇವೆ. ಕರಿಯನಿಗೆ 12 ವರ್ಷ, ಊರುನಾಯಿ, ಕುನ್ನಿಯಾಗಿದ್ದಾಗ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದು. ಬೆಳ್ಳಿಗೆ 4 ವರ್ಷ, ಪಕ್ಕದ ತೋಟದವರು ಕೊಟ್ಟಿದ್ದು. ಅವಳು ಬಂದ ದಿನದಿಂದ ಅವನ ಮೈಗೆ ಅಂಟಿಕೊಂಡೇ ಬೆಳೆದಳು.

ಕರಿಯನಿಗೆ ಒಂದು ವರ್ಷದಿಂದ ಕಿವಿ ಸರಿಯಾಗಿ ಕೇಳಿಸುವುದಿಲ್ಲ, ಕಣ್ಣೂ ಮಂಜು. ಆದರೂ ಅವನಿಗೆ ಯಾವುದೂ ತಪ್ಪುವುದಿಲ್ಲ, ಬೆಳ್ಳಿ ಇದ್ದಾಳಲ್ಲ. ಅಮ್ಮ ಅಡುಗೆಮನೆಯಲ್ಲಿ ಅವುಗಳ ಅನ್ನ ಕಲಸುವ ಸದ್ದು ಕೇಳಿದರೆ ಅವಳು ನೇರ ಓಡಿ ಬರುವುದಿಲ್ಲ. ಮೊದಲು ಕಟ್ಟಿಗೆ ಕೊಟ್ಟಿಗೆ ಹತ್ತಿರ ಮಲಗಿದ್ದವನ ಬಳಿ ಹೋಗಿ ಮೂಗಿನಿಂದ ಕುತ್ತಿಗೆಗೆ ತಳ್ಳುತ್ತಾಳೆ. ಅವನು ಏಳುವ ತನಕ ನಿಲ್ಲುತ್ತಾಳೆ, ಆಮೇಲೆ ಇಬ್ಬರೂ ಬರುತ್ತಾರೆ. ರಾತ್ರಿ ಏನಾದರೂ ಬಂದರೆ ಅವಳು ಒಂದು ಸಲ ಬೊಗಳಿ, ಹಿಂದೆ ಬಂದು ಅವನನ್ನು ಮುಟ್ಟಿ, ಮತ್ತೆ ಮುಂದೆ ಹೋಗುತ್ತಾಳೆ. ಅವನು ಅವಳ ಬಾಲದ ಹಿಂದೆ ಹೋಗುತ್ತಾನೆ. ಇದನ್ನು ಯಾರೂ ಕಲಿಸಿಲ್ಲ.

ಸಮಸ್ಯೆ ಶುರುವಾಗಿ ಮೂರು ವಾರ ಆಯಿತು. ಬೆಳ್ಳಿ ಇಡೀ ದಿನ ಅವನ ಎಡಗಿವಿ ನೆಕ್ಕುತ್ತಾಳೆ. ಅವನು ಸುಮ್ನೆ ಮಲಗಿರುತ್ತಾನೆ. ಮೊನ್ನೆ ಅಮ್ಮ ಕಿವಿಗೆ ಕೊಬ್ಬರಿ ಎಣ್ಣೆ ಹಚ್ಚೋಣ ಅಂತ ಹೋದರೆ ಬೆಳ್ಳಿ ನಡುವೆ ಬಂದು ನಿಂತು ಗುರ್ರ್ ಅಂದಳು. ನಾಲ್ಕು ವರ್ಷದಲ್ಲಿ ಮನೆಯವರ ಮೇಲೆ ಅವಳು ಹಾಗೆ ಮಾಡಿದ್ದು ಇದೇ ಮೊದಲು. ಅಪ್ಪನಿಗೆ ಸಿಟ್ಟು ಬಂದು, "ತಲೆ ಮೇಲೆ ಕೂತಿದೆ, ಎರಡು ಬಾರಿಸಿದರೆ ಸರಿ ಹೋಗುತ್ತದೆ" ಅಂತ ಕೋಲು ತೆಗೆದರು. ನಾನು ತಡೆದೆ.

ಇದು ಪ್ರೀತಿಯಾ, ಯಜಮಾನಿಕೆಯಾ? ಏನು ಮಾಡಲಿ?

ಕಾಫಿತೋಟ:
ಮೊದಲು ಕಿವಿ ತೋರಿಸಿ. ಉಳಿದದ್ದು ಆಮೇಲೆ. ನಮ್ಮಲ್ಲೂ ಹೀಗೇ ಆಗಿತ್ತು.

ಮಂಡ್ಯದಮಾತು:
ನಿಮ್ಮ ತಂದೆ ಹೇಳಿದ್ದರಲ್ಲಿ ಅರ್ಥ ಇದೆ. ಹೊಡೆಯುವುದು ಬೇಡ, ಸರಿ. ಆದರೆ ನಾಯಿ ಗುಂಪಿನಲ್ಲಿ ಒಬ್ಬ ಆಲ್ಫಾ, ಅಂದರೆ ಎಲ್ಲರ ಮೇಲಿನ ಯಜಮಾನ, ಇರುತ್ತಾನೆ. ಹಳೆಯವನಿಗೆ ಶಕ್ತಿ ಕುಂದಿತು, ಈಗ ಚಿಕ್ಕವಳು ಆ ಜಾಗ ತೆಗೆದುಕೊಂಡಿದ್ದಾಳೆ. ಮನೆಯವರ ಮೇಲೂ ಅದನ್ನೇ ತೋರಿಸುತ್ತಿದ್ದಾಳೆ. ಯಾರು ದೊಡ್ಡವರು ಅಂತ ಈಗಲೇ ಗೊತ್ತು ಮಾಡಿಸದಿದ್ದರೆ ನಾಳೆ ಕಚ್ಚುತ್ತಾಳೆ.

ಓದುಗ_ಜಯನಗರ:
@ಮಂಡ್ಯದಮಾತು ಈ ಆಲ್ಫಾ ಮಾತು ತುಂಬಾ ಹಳೆಯದು ಸಾರ್, ಅದನ್ನು ಜನಪ್ರಿಯ ಮಾಡಿದವರೇ ಕೈಬಿಟ್ಟಿದ್ದಾರೆ. ತೋಳಗಳ ಬಗ್ಗೆ ಜೀವನವಿಡೀ ಕೆಲಸ ಮಾಡಿದ ಅಮೆರಿಕದ ಡೇವಿಡ್ ಮೆಕ್ 1970ರ ತಮ್ಮ ಪುಸ್ತಕದಲ್ಲಿ ಆಲ್ಫಾ ಅಂತ ಬರೆದಿದ್ದರು. ಅದಕ್ಕೆ ಆಧಾರ ಬೋನಿನಲ್ಲಿ ಕೂಡಿಹಾಕಿದ್ದ, ಒಂದಕ್ಕೊಂದು ಸಂಬಂಧವಿಲ್ಲದ ತೋಳಗಳನ್ನು ನೋಡಿ ಹಿಂದಿನವರು ಬರೆದದ್ದು. ಆಮೇಲೆ ಅವರೇ ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿ, 1999ರಲ್ಲಿ ಬೇರೆಯೇ ಬರೆದರು. ಕಾಡಿನಲ್ಲಿ ತೋಳದ ಗುಂಪು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳು. ಮುಂದೆ ನಿಂತು ನಡೆಸುವವರು ತಂದೆತಾಯಿ, ಗೆದ್ದ ಪೈಲ್ವಾನ ಅಲ್ಲ. ಅದೂ ತೋಳದ ಮಾತು. ನಾಯಿ ಮನುಷ್ಯರ ಜೊತೆ ಬದುಕಲು ಶುರು ಮಾಡಿ ಸಾವಿರಾರು ವರ್ಷ ಆಯಿತು, ತೋಳದ ಲೆಕ್ಕವನ್ನು ಹಾಗೇ ಎತ್ತಿ ಇದಕ್ಕೆ ಹಾಕಲು ಆಗುವುದಿಲ್ಲ.

ಮಂಡ್ಯದಮಾತು:
ಪುಸ್ತಕದ ವಿಷಯ ನನಗೆ ಗೊತ್ತಿಲ್ಲ. ನಮ್ಮ ಬೀದಿಯಲ್ಲಿ ಒಂದು ಗಡವ ನಾಯಿ ಇದೆ, ಅದು ಬಂದರೆ ಉಳಿದವು ಬಾಲ ಮುದುರುತ್ತವೆ. ಕಣ್ಣಾರೆ ಕಂಡಿದ್ದು.

ಓದುಗ_ಜಯನಗರ:
ಅದನ್ನು ನಾನೂ ಕಂಡಿದ್ದೇನೆ. ಅನ್ನದ ಎದುರು ಒಂದು ಮೇಲುಗೈ ಮಾಡುತ್ತದೆ, ನೆರಳಿನ ಜಾಗಕ್ಕೆ ಇನ್ನೊಂದು. ಯಾವುದು ಯಾವುದಕ್ಕೆ ಮುಂದೆ ಬರುತ್ತದೆ ಅನ್ನುವುದು ವಸ್ತುವಿನ ಮೇಲೆ ಹೋಗುತ್ತದೆ. ಇವರ ಬೆಳ್ಳಿ ಊಟಕ್ಕೆ ಅವನನ್ನು ಎಬ್ಬಿಸಿ ಕರೆತರುತ್ತಾಳೆ. ಜಾಗ ಕಿತ್ತುಕೊಳ್ಳುವವಳು ಹಾಗೆ ಮಾಡುತ್ತಾಳಾ ಹೇಳಿ?

ಧಾರವಾಡ_ಪಶುವೈದ್ಯೆ:
ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಇಂಥ ಕೇಸು ವಾರಕ್ಕೆ ಒಂದಾದರೂ ಬರುತ್ತದೆ.

ಒಂದೇ ಕಿವಿಯನ್ನು, ಅದೂ ದಿನವಿಡೀ, ಇನ್ನೊಂದು ನಾಯಿ ನೆಕ್ಕುತ್ತಿದ್ದರೆ ಆ ಕಿವಿಯೊಳಗೆ ಸೋಂಕು ಇರುವ ಸಾಧ್ಯತೆ ಜಾಸ್ತಿ. ಫಂಗಸ್ ಅಥವಾ ಕೀವಿನ ವಾಸನೆ ನಮಗೆ ಗೊತ್ತಾಗುವ ಎಷ್ಟೋ ದಿನ ಮೊದಲು ಅವುಗಳಿಗೆ ಗೊತ್ತಾಗುತ್ತದೆ. ಕರಿಯ ತಲೆ ಕೊಡವುತ್ತಾನಾ? ಒಂದು ಕಡೆ ಓರೆ ಮಾಡುತ್ತಾನಾ? ಆ ಕಿವಿಯನ್ನು ನೆಲಕ್ಕೆ ಉಜ್ಜುತ್ತಾನಾ? ನೋಡಿ. ದಯವಿಟ್ಟು ಎಣ್ಣೆ, ಅರಿಶಿನ, ಬೆಳ್ಳುಳ್ಳಿ ರಸ ಏನನ್ನೂ ಕಿವಿಯೊಳಗೆ ಹಾಕಬೇಡಿ. ಪರದೆ ಹರಿದಿದ್ದರೆ ಅದು ನೇರ ಒಳಗಿಳಿಯುತ್ತದೆ. ಮನುಷ್ಯರ ನೋವಿನ ಮಾತ್ರೆಯನ್ನೂ ಕೊಡಬೇಡಿ. ಪ್ಯಾರಾಸಿಟಮಾಲ್, ಐಬುಪ್ರೊಫೇನ್ ತಿಂದು ನಾಯಿಗಳು ಸತ್ತಿದ್ದನ್ನು ನಾನು ನೋಡಿದ್ದೇನೆ. ಎಲ್ಲವೂ ಪ್ರೀತಿಯಿಂದ ಕೊಟ್ಟವೇ.

ಇನ್ನು ಗುರ್ರ್ ಅಂದಿದ್ದು. ಅದಕ್ಕೆ ಹೊಡೆಯಬೇಡಿ, ಬೈಯಲೂ ಬೇಡಿ. ನಾಯಿ ಗುರ್ರ್ ಅನ್ನುವ ಮೊದಲೇ ಬಹಳಷ್ಟು ಹೇಳಿರುತ್ತದೆ, ನಾವು ಗಮನಿಸಿರುವುದಿಲ್ಲ ಅಷ್ಟೇ. ಮುಖ ಆ ಕಡೆ ತಿರುಗಿಸುತ್ತದೆ. ತಿನ್ನಲು ಏನೂ ಇಲ್ಲದಿದ್ದರೂ ತುಟಿ ನೆಕ್ಕಿಕೊಳ್ಳುತ್ತದೆ. ನಿದ್ದೆ ಇಲ್ಲದೆ ಆಕಳಿಸುತ್ತದೆ. ಕಣ್ಣಿನ ಬಿಳಿ ಕಾಣಿಸುತ್ತದೆ. ಮೈ ಬಿಗಿಯಾಗುತ್ತದೆ. ಇದೆಲ್ಲ ಮುಗಿದ ಮೇಲೆ ಗುರ್ರ್. ಅದಕ್ಕೂ ಹೊಡೆದರೆ ಅದು ಗುರ್ರ್ ಅನ್ನುವುದನ್ನು ಬಿಡುತ್ತದೆ, ಆದರೆ ಒಳಗಿನ ಹೆದರಿಕೆ ಹೋಗುವುದಿಲ್ಲ. ಮುಂದಿನ ಸಲ ನೇರ ಬಾಯಿ ಹಾಕುತ್ತದೆ. "ಏನೂ ಸೂಚನೆ ಕೊಡದೆ ಕಚ್ಚಿತು ಡಾಕ್ಟ್ರೇ" ಅಂತ ಬರುವವರ ಮನೆಯ ಕಥೆ ಕೇಳಿದರೆ ಬಹಳ ಸಲ ಇದೇ ಇರುತ್ತದೆ.

ಕರಿಯನ ಕಿವಿ ಮುಟ್ಟುವ ಮೊದಲು ಬೆಳ್ಳಿಯನ್ನು ಬೇರೆ ಕೋಣೆಯಲ್ಲಿ ಬಿಡಿ. ಅವಳಿಗೆ ಶಿಕ್ಷೆ ಅನ್ನಿಸದ ಹಾಗೆ, ಏನಾದರೂ ತಿನ್ನಲು ಕೊಟ್ಟು.

ತುಂಗಾತೀರ:
ತುಂಬಾ ಧನ್ಯವಾದ ಮೇಡಂ. ಹೌದು, ತಲೆ ಕೊಡವುತ್ತಾನೆ. ನಾವು ಉಣ್ಣಿ ಇರಬೇಕು ಅಂದುಕೊಂಡಿದ್ದೆವು. ನಾಳೆ ಬೆಳಿಗ್ಗೆಯೇ ಪೇಟೆಗೆ ಕರೆದುಕೊಂಡು ಹೋಗುತ್ತೇನೆ. ನಿಮ್ಮ ಉತ್ತರವನ್ನು ಅಪ್ಪನಿಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ, ಕೋಲನ್ನು ಮೂಲೆಗೆ ಇಟ್ಟರು.

ಲೆಕ್ಕದಮೇಷ್ಟ್ರು:
ಕಿವಿ ತೋರಿಸಿ ಅನ್ನುವುದಕ್ಕೆ ನನ್ನದೂ ಒಪ್ಪಿಗೆ. ಆದರೆ ಒಂದು ಪ್ರಶ್ನೆ. ಕಿವಿಯಿಂದ ಬರುವ ಕೀವು, ಮೇಣ ಅವಕ್ಕೆ ರುಚಿ. ಅದಕ್ಕೆ ನೆಕ್ಕುತ್ತದೆ. ಇದನ್ನು "ನೋಡಿಕೊಳ್ಳುತ್ತಿದೆ" ಅಂತ ಕರೆಯುವುದು ನಮ್ಮ ಮನಸ್ಸಿನ ಬಣ್ಣ ಅಲ್ವಾ? ನಾಯಿಯನ್ನು ನಾಯಿಯಾಗಿ ನೋಡುವುದೂ ಅದಕ್ಕೆ ಕೊಡುವ ಗೌರವವೇ ಅಂತ ನನ್ನ ಅಭಿಪ್ರಾಯ.

ಹಟ್ಟಿಮನೆ:
ಮೇಷ್ಟ್ರೇ, ರುಚಿಗೆ ನೆಕ್ಕಿದರೆ ನೆಕ್ಕಲಿ, ಗುರ್ರ್ ಅಂದಿದ್ದು ಯಾಕೆ ಮತ್ತೆ? ಎಲುಬು ಸಿಕ್ಕಂಗೆ ಕಾಯ್ದುಕೊಂಡಿತು ಅಂತೀರೇನು?

ನಮ್ಮದು ಕೊಪ್ಪಳ ಜಿಲ್ಲೆ, ಕುರಿ ಕಾಯೋ ಮನೆತನ. ಅಪ್ಪ ಈಗಲೂ ಮಂದೆ ಜೊತೆ ಹೋಗುತ್ತಾರೆ. ಐದು ನಾಯಿ ಇವೆ. ರಾತ್ರಿ ಹೊಲದಲ್ಲಿ ಹಟ್ಟಿ ಹಾಕಿದಾಗ ಅವು ಒಂದೇ ಕಡೆ ಮಲಗುವುದಿಲ್ಲ, ಸುತ್ತ ಅಲ್ಲೊಂದು ಇಲ್ಲೊಂದು ಹಂಚಿಕೊಂಡು ಮಲಗುತ್ತವೆ. ನಾವು ಜಾಗ ತೋರಿಸುವುದಿಲ್ಲ. ನಡುರಾತ್ರಿ ಎಳೆ ನಾಯಿ ಬೊಗಳಿದರೆ ಉಳಿದವು ತಲೆ ಎತ್ತಿ ಮುದಿ ಹೆಣ್ಣು ನಾಯಿಯನ್ನು ನೋಡುತ್ತವೆ. ಅದು ಮಲಗೇ ಇದ್ದರೆ ಇವೂ ಮಲಗುತ್ತವೆ. ಅದು ಎದ್ದು ನಿಂತು ಒಂದು ಸಲ ದಪ್ಪ ದನಿ ತೆಗೆದರೆ ಮುಗೀತು, ಎಲ್ಲವೂ ಎದ್ದವೆ. ಆಗಲೂ ಐದೂ ಒಂದೇ ದಿಕ್ಕಿಗೆ ಓಡುವುದಿಲ್ಲ. ಎರಡು ಮಂದೆ ಹತ್ತಿರ ಉಳಿಯುತ್ತವೆ. ಯಾಕಂದರೆ ತೋಳ ಒಂದು ಕಡೆ ಮುಖ ತೋರಿಸಿ ಇನ್ನೊಂದು ಕಡೆಯಿಂದ ಬರುತ್ತದೆ. ಅಪ್ಪ ಬೊಗಳುವ ದನಿ ಕೇಳಿಯೇ ಹೇಳುತ್ತಾರೆ, ಇದು ದಾರಿಹೋಕ ಮನುಷ್ಯ, ಇದು ನರಿ, ಇದು ತೋಳ ಅಂತ. ತೋಳಕ್ಕೆ ಬೊಗಳುವ ದನಿಯಲ್ಲಿ ನಡುವೆ ಊಳು ಇರುತ್ತದೆ.

ಇದಕ್ಕೆ ನೀವು ಪ್ರೀತಿ ಅನ್ನಬೇಡಿ, ಬೇಕಾದರೆ ಕೆಲಸ ಅನ್ನಿ. ಆದರೆ ಒಂದಕ್ಕೊಂದು ಹೇಳಿಕೊಂಡು ಮಾಡುವ ಕೆಲಸ ಅದು.

ಲೆಕ್ಕದಮೇಷ್ಟ್ರು:
ಹೇಳಿಕೊಂಡು ಮಾಡುತ್ತವೆ ಅನ್ನುವುದನ್ನು ಒಪ್ಪುತ್ತೇನೆ. ಮುದಿ ನಾಯಿ ಎದ್ದಿದೆಯಾ ಅಂತ ನೋಡುವ ಸಂಗತಿ ಚೆನ್ನಾಗಿದೆ, ನನಗೆ ಗೊತ್ತಿರಲಿಲ್ಲ. ನನ್ನ ತಕರಾರು ಬರೀ ಆ "ಕಾಳಜಿ" ಅನ್ನುವ ಪದದ ಮೇಲೆ.

ಕರಾವಳಿ_ಅಕ್ಕ:
ಪದ ಏನಾದರೂ ಇರಲಿ ಮೇಷ್ಟ್ರೇ. ನಮ್ಮ ಜೂಲಿ ಮರಿ ಹಾಕಿ ಎಂಟನೇ ದಿನಕ್ಕೆ ಜ್ವರ ಬಂದು ಮಲಗಿದಾಗ ಅವಳ ಅಮ್ಮ, ಅಂದರೆ ಮರಿಗಳ ಅಜ್ಜಿ, ಬಂದು ಗೂಡಿನಲ್ಲಿ ಮಲಗಿ ಹಾಲು ಕೊಟ್ಟಿತು. ಅದಕ್ಕೆ ಆಗ ಸ್ವಂತ ಮರಿ ಇರಲಿಲ್ಲ.

ಓದುಗ_ಜಯನಗರ:
ಅಕ್ಕಾ, ನೀವು ಹೇಳಿದಂಥದ್ದು ದಾಖಲೆಯಲ್ಲೂ ಇದೆ. ಕೋಲ್ಕತ್ತದ ಐಸರ್ ಅನ್ನುವ ವಿಜ್ಞಾನ ಸಂಸ್ಥೆಯಲ್ಲಿ ಅನಿಂದಿತಾ ಭದ್ರ ಅವರ ತಂಡ ಬೀದಿ ನಾಯಿಗಳನ್ನು ವರ್ಷಗಳಿಂದ ಗಮನಿಸುತ್ತಿದೆ. ಬೀದಿ ನಾಯಿಯೊಂದು ಮಗಳ ಮರಿಗಳನ್ನು ನೋಡಿಕೊಂಡಿದ್ದನ್ನು ಅವರು ಬರೆದಿದ್ದಾರೆ. ಬಂಗಾಳದಲ್ಲೇ ನಡೆದ ಇನ್ನೊಂದು ಅಧ್ಯಯನದಲ್ಲಿ ಗಂಡು ನಾಯಿಗಳು ಮರಿಗಳ ಹತ್ತಿರ ಕಾವಲು ಕೂರುವುದನ್ನೂ ನೋಡಿದ್ದಾರೆ. ನಮ್ಮ ಊರುನಾಯಿಗಳ ಬಗ್ಗೆ ನಮ್ಮವರೇ ಇಷ್ಟು ಕೆಲಸ ಮಾಡಿರುವುದು ನನಗಂತೂ ಬಹಳ ಖುಷಿ.

ಬಾಲದ್ದೂ ಹೇಳಿಬಿಡುತ್ತೇನೆ. ಬಾಲ ಆಡಿಸಿದರೆ ಖುಷಿ ಅಂತ ನಾವು ಅಂದುಕೊಳ್ಳುತ್ತೇವೆ, ಅಷ್ಟು ಸರಳ ಅಲ್ಲ. 2007ರಲ್ಲಿ ಇಟಲಿಯ ಸಂಶೋಧಕರು ಅಳೆದು ನೋಡಿದರು. ಯಜಮಾನನನ್ನು ಕಂಡಾಗ ಬಾಲ ನಾಯಿಯ ಬಲಕ್ಕೆ ಜಾಸ್ತಿ ವಾಲುತ್ತದೆ, ಜೋರಿನ ಅಪರಿಚಿತ ನಾಯಿ ಕಂಡಾಗ ಎಡಕ್ಕೆ. 2013ರಲ್ಲಿ ಅದನ್ನೇ ಮುಂದುವರಿಸಿ, ಬಾಲ ಆಡಿಸುವ ನಾಯಿಯ ವಿಡಿಯೊವನ್ನು ಬೇರೆ ನಾಯಿಗಳಿಗೆ ತೋರಿಸಿದರು. ಎಡಕ್ಕೆ ಆಡಿಸುವುದನ್ನು ಕಂಡವುಗಳ ಎದೆಬಡಿತ ಏರಿತು. ಅಂದರೆ ನಮಗೆ ಕಾಣದ ಆ ಸಣ್ಣ ವ್ಯತ್ಯಾಸ ಅವುಗಳಿಗೆ ಕಾಣುತ್ತದೆ.

ಕಾಫಿತೋಟ:
ಅದಕ್ಕೇ ಬಾಲ ಕತ್ತರಿಸುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಚೆಂದ ಕಾಣಲಿ ಅಂತ ಅದರ ಅರ್ಧ ಮಾತನ್ನೇ ಕತ್ತರಿಸುತ್ತಾರೆ. ನಮ್ಮ ಎಸ್ಟೇಟಿನಲ್ಲಿ ಬಾಲ ಕತ್ತರಿಸಿದ ಡಾಬರ್‌ಮನ್ ಒಂದಿತ್ತು, ಪಾಪ, ಬೇರೆ ನಾಯಿಗಳ ಜೊತೆ ಯಾವಾಗಲೂ ತಪ್ಪು ತಿಳುವಳಿಕೆ. ಇದು ಆಟಕ್ಕೆ ಹೋಗುತ್ತಿತ್ತು, ಅವು ಜಗಳಕ್ಕೆ ಬಂತು ಅಂದುಕೊಳ್ಳುತ್ತಿದ್ದವು.

ರಾತ್ರಿಪಾಳಿ:
ಬೆಂಗಳೂರಿನಲ್ಲಿ ರಾತ್ರಿ ಕಾವಲು ಕೆಲಸ ನನ್ನದು. ನಮ್ಮ ರಸ್ತೆಯಲ್ಲಿ ಆರು ನಾಯಿ ಇವೆ, ಎಲ್ಲದರ ಕಿವಿ ತುದಿ ಕತ್ತರಿಸಿದೆ, ಅಂದರೆ ಮರಿ ಆಗದಂತೆ ಮಾಡುವ ಆಪರೇಷನ್ನೂ ಲಸಿಕೆಯೂ ಆದವು. ಒಂದಕ್ಕೆ ಆಟೋ ಗುದ್ದಿ ಹಿಂದಿನ ಕಾಲು ಹೋಯಿತು. ಬೆಳಗಿನ ಜಾವ ಎಲ್ಲವೂ ಹಾಲಿನ ಬೂತ್ ಕಡೆ ಹೊರಡುತ್ತವೆ, ಕುಂಟ ಹಿಂದೆ ಉಳಿಯುತ್ತದೆ. ಕಂದು ನಾಯಿ ಒಂದು ತಿರುವಿನ ತನಕ ಹೋಗಿ ನಿಂತು ಹಿಂದೆ ತಿರುಗಿ ನೋಡುತ್ತದೆ. ಕುಂಟ ಬಂದ ಮೇಲೆ ಇಬ್ಬರೂ ಹೋಗುತ್ತಾರೆ. ಚಳಿಗಾಲ, ಮಳೆಗಾಲ, ಎರಡು ವರ್ಷದಿಂದ ನೋಡುತ್ತಿದ್ದೇನೆ. ಮೂರು ಗಂಟೆ ಹೊತ್ತಿನಲ್ಲಿ ನನಗೂ ಅವೇ ಜೊತೆ.

ಮಂಡ್ಯದಮಾತು:
ಬೀದಿ ನಾಯಿಗಳನ್ನು ಹೀಗೆ ಹೊಗಳುತ್ತೀರಿ, ಕಚ್ಚಿಸಿಕೊಂಡ ಮಕ್ಕಳ ತಂದೆತಾಯಿಯನ್ನು ಕೇಳಿ. ನನ್ನ ತಂಗಿ ಮಗನಿಗೆ ಕಚ್ಚಿದೆ. ಗುಂಪಿನಲ್ಲಿ ಒಂದು ಓಡಿದರೆ ಎಲ್ಲವೂ ಓಡುತ್ತವೆ. ಅದೂ ಒಂದಕ್ಕೊಂದು ಹೇಳಿಕೊಂಡೇ ಅಲ್ವಾ?

ಧಾರವಾಡ_ಪಶುವೈದ್ಯೆ:
ನೀವು ಹೇಳಿದ್ದು ನಿಜ, ಅದನ್ನು ಮುಚ್ಚಿಡಬಾರದು. ಒಂದು ಅಟ್ಟಿಸಿಕೊಂಡು ಹೋದರೆ ಉಳಿದವಕ್ಕೂ ಹುರುಪು ಬರುತ್ತದೆ. ಮಕ್ಕಳಿಗೆ ಹೇಳಿಕೊಡಿ: ಓಡಬೇಡಿ, ಕಿರುಚಬೇಡಿ, ಕೈ ಕಟ್ಟಿಕೊಂಡು ನಿಲ್ಲಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಕಚ್ಚಿದರೆ ತಕ್ಷಣ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ, ಅದೇ ದಿನ ಆಸ್ಪತ್ರೆಗೆ ಹೋಗಿ, ಲಸಿಕೆಯ ಒಂದು ಡೋಸೂ ಬಿಡಬೇಡಿ. ಸುಣ್ಣ, ಖಾರದ ಪುಡಿ ಹಚ್ಚಬೇಡಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸಿಕೊಳ್ಳುವುದು ಆಗುವುದೇ ಇಲ್ಲ ಅನ್ನಬೇಕು. ಹುಡುಗ ಈಗ ಹೇಗಿದ್ದಾನೆ?

ಮಂಡ್ಯದಮಾತು:
ಚೆನ್ನಾಗಿದ್ದಾನೆ ಮೇಡಂ. ಎಲ್ಲಾ ಸೂಜಿ ಹಾಕಿಸಿದ್ದೇವೆ. ಆದರೆ ನಾಯಿ ಕಂಡರೆ ಇನ್ನೂ ಅಳುತ್ತಾನೆ. ಅದಕ್ಕೇ ನನಗೆ ಸಿಟ್ಟು.

ಕಲ್ಲುಓದು:
ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತದೆ, ಆದರೂ ಮಂಡ್ಯದವರು ಇರುವುದರಿಂದ ಹೇಳುತ್ತೇನೆ. ಮದ್ದೂರು ತಾಲೂಕಿನ ಆತಕೂರಿನಲ್ಲಿ ಒಂದು ನಾಯಿಗೆ ವೀರಗಲ್ಲು ನಿಲ್ಲಿಸಿದ್ದರು, 10ನೇ ಶತಮಾನದ್ದು. ನಾಯಿಯ ಹೆಸರು ಕಾಳಿ. ಚೋಳರ ಜೊತೆಗಿನ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿಸಿದ ಮಣಲೇರ ಅನ್ನುವ ವೀರನಿಗೆ ಗಂಗರ ರಾಜ ಬೂತುಗ "ಏನು ಬೇಕು ಕೇಳು" ಅಂದಾಗ ಅವನು ಕೇಳಿದ್ದು ಆ ನಾಯಿಯನ್ನು. ಆಮೇಲೆ ಅದು ದೊಡ್ಡ ಹಂದಿಯ ಜೊತೆ ಕಾದಾಡಿ, ಎರಡೂ ಸತ್ತವು. ಕಲ್ಲಿನ ಮೇಲೆ ನಾಯಿ, ಹಂದಿ ಇಬ್ಬರ ಚಿತ್ರವೂ ಇದೆ. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಹೋದಾಗ ನೋಡಿ. ನಾಯಿಯ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿದ ಊರು ನಿಮ್ಮದು ಸಾರ್.

ಮಂಡ್ಯದಮಾತು:
ಆತಕೂರಿನ ಹೆಸರು ಕೇಳಿದ್ದೆ. ನಾಯಿ ಹೆಸರು ಕಾಳಿ ಅಂತ ಗೊತ್ತಿರಲಿಲ್ಲ. ಹುಡುಗನನ್ನು ಕರೆದುಕೊಂಡು ಹೋಗಿ ತೋರಿಸುತ್ತೇನೆ.

ಹಟ್ಟಿಮನೆ:
ಬೇಟೆ ನಾಯಿ ಮಾತು ಬಂತಲ್ಲ. ನಮ್ಮ ಕಡೆ ಮುಧೋಳ ನಾಯಿ ಜೋಡಿ ಬಿಟ್ಟಾಗ ಮೊಲದ ಹಿಂದೆ ಒಂದು ನೇರ ಓಡುತ್ತದೆ, ಇನ್ನೊಂದು ಬದಿಯಿಂದ ಸುತ್ತಿ ಬರುತ್ತದೆ ಅಂತ ಅಜ್ಜ ಹೇಳುತ್ತಿದ್ದರು. ಈಗ ಬೇಟೆ ಅಪರಾಧ, ಯಾರೂ ಮಾಡಬಾರದು. ನಮ್ಮಲ್ಲಿರುವ ಜೋಡಿ ಚೆಂಡಿಗೆ ಓಡುವಾಗಲೂ ಹಾಗೇ ಹಂಚಿಕೊಳ್ಳುತ್ತವೆ.

ತುಂಗಾತೀರ:
ಸುದ್ದಿ ಹೇಳುತ್ತೇನೆ. ಡಾಕ್ಟರು ಕಿವಿಯೊಳಗೆ ದೀಪ ಹಾಕಿ ನೋಡಿದರು. ಒಳಗೆಲ್ಲ ಕೀವು, ಫಂಗಸ್. ಮೇಲಿನಿಂದ ಏನೂ ಕಾಣುತ್ತಿರಲಿಲ್ಲ. ತೊಳೆದು, ಹನಿ ಔಷಧ ಕೊಟ್ಟಿದ್ದಾರೆ. ತುಂಬಾ ನೋವಾಗುತ್ತಿದ್ದಿರಬೇಕು ಅಂದರು. 12 ವರ್ಷ ಜೊತೆಗಿರುವ ನಮಗೆ ಗೊತ್ತಾಗಲಿಲ್ಲ, ಬೆಳ್ಳಿ ಮೂರು ವಾರದಿಂದ ಹೇಳುತ್ತಲೇ ಇದ್ದಳು. ಅದನ್ನು ನೆನೆದರೆ ಅಳು ಬರುತ್ತದೆ.

ಆದರೆ ಈಗ ಇನ್ನೊಂದು. ಕರಿಯನನ್ನು ಮನೆಗೆ ತಂದು ಇಳಿಸಿದರೆ ಬೆಳ್ಳಿ ಓಡಿ ಬಂದು ಮೂಸಿ, ಹಿಂದೆ ಸರಿದು, ಅವನಿಗೇ ಗುರ್ರ್ ಅಂದಳು. ಇದೇನು?

ಧಾರವಾಡ_ಪಶುವೈದ್ಯೆ:
ಗಾಬರಿ ಬೇಡ. ಮೈಮೇಲೆ ಆಸ್ಪತ್ರೆ ವಾಸನೆ, ಔಷಧ, ಬೇರೆ ನಾಯಿಗಳ ಹೆದರಿಕೆಯ ವಾಸನೆ ಎಲ್ಲ ಅಂಟಿರುತ್ತದೆ. ಕಣ್ಣಿಗೆ ಕರಿಯ, ಮೂಗಿಗೆ ಬೇರೆ ಯಾರೋ. ಅವುಗಳಿಗೆ ಮೂಗು ಹೇಳಿದ್ದೇ ಮೊದಲು. ಮೂಗಿನ ಜೊತೆಗೆ ಬಾಯಿಯ ಮೇಲ್ಭಾಗದಲ್ಲಿ ಜೇಕಬ್ಸನ್ ಅಂಗ ಅಂತ ಇನ್ನೊಂದು ಇರುತ್ತದೆ, ಬೇರೆ ನಾಯಿಯ ಮೈಯ ಸುದ್ದಿ ತಿಳಿಯುವುದರಲ್ಲಿ ಅದರದ್ದೂ ಪಾತ್ರ ಇದೆ. ಇಬ್ಬರನ್ನೂ ಹಗ್ಗ ಹಾಕಿ ತೋಟದಲ್ಲಿ ಅಕ್ಕಪಕ್ಕ ನಿಧಾನವಾಗಿ ನಡೆಸಿ, ಆಮೇಲೆ ಒಟ್ಟಿಗೆ ಮನೆಯೊಳಗೆ ಬಿಡಿ. ಕರಿಯ ಮಲಗುವ ಗೋಣಿಚೀಲದಿಂದ ಅವನ ಮೈ ಒರೆಸಿ. ಒಂದು ದಿನದಲ್ಲಿ ಸರಿ ಹೋಗುತ್ತದೆ.

ಅಕಸ್ಮಾತ್ ಜಗಳ ಬಿದ್ದರೆ ನಡುವೆ ಕೈ ಹಾಕಬೇಡಿ. ಒಂದು ಬಕೆಟ್ ನೀರು ಸುರಿಯಿರಿ, ಇಲ್ಲ ಕಂಬಳಿ ಎಸೆಯಿರಿ.

ಕರಾವಳಿ_ಅಕ್ಕ:
ಗೋಣಿಚೀಲದ ಉಪಾಯ ಒಳ್ಳೆಯದು ಮೇಡಂ, ನಮ್ಮಲ್ಲೂ ಈ ತೊಂದರೆ ಆಗಿತ್ತು, ನಾವು ಸುಮ್ನೆ ಎರಡು ದಿನ ಕಟ್ಟಿ ಹಾಕಿದ್ದೆವು.

ಲೆಕ್ಕದಮೇಷ್ಟ್ರು:
ತುಂಗಾತೀರ ಅವರೇ, ಕಿವಿ ಸಮಯಕ್ಕೆ ಸಿಕ್ಕಿದ್ದು ಒಳ್ಳೆಯದಾಯಿತು. ಕೇಳಬೇಕು ಅನ್ನಿಸಿದ್ದು, ಈಗ ಹನಿ ಹಾಕುವಾಗಲೂ ಅವಳು ತಡೆಯುತ್ತಾಳಾ? ವಾಸನೆ ಹೋದ ಮೇಲೆ ನೆಕ್ಕುವುದು ನಿಂತರೆ ನನ್ನ ಮಾತು ಸ್ವಲ್ಪ ನಿಜ. ಆಮೇಲೂ ಕಾಯುತ್ತಿದ್ದರೆ ನಿಮ್ಮೆಲ್ಲರ ಮಾತು ನಿಜ.

ಓದುಗ_ಜಯನಗರ:
ಎರಡೂ ನಿಜ ಆಗಿರಬಾರದಾ ಮೇಷ್ಟ್ರೇ? ತಾಯಿಗೂ ಮಗುವಿನ ತಲೆಯ ವಾಸನೆ ಇಷ್ಟ. ಅದಕ್ಕೇ ಎತ್ತಿಕೊಳ್ಳುತ್ತಾಳೆ ಅಂತ ಹೇಳಿದರೆ ಪ್ರೀತಿ ಇಲ್ಲ ಅಂತ ಆಗುವುದಿಲ್ಲ. 2022ರಲ್ಲಿ ಇಟಲಿಯಲ್ಲೇ, ಜೊತೆಯ ನಾಯಿ ಸತ್ತ ಮೇಲೆ ಉಳಿದ ನಾಯಿ ಹೇಗಿರುತ್ತದೆ ಅಂತ 426 ಮನೆಯವರನ್ನು ಕೇಳಿದರು. 86% ಜನ ಬದಲಾವಣೆ ಕಂಡೆವು ಅಂದರು. ಆಟ ಕಡಿಮೆ, ಊಟ ಕಡಿಮೆ, ನಿದ್ದೆ ಜಾಸ್ತಿ, ಮನೆಯವರ ಹಿಂದೆಯೇ ಸುತ್ತುವುದು. ಎಷ್ಟು ವರ್ಷ ಜೊತೆಗಿದ್ದವು ಅನ್ನುವುದಕ್ಕಿಂತ ಎಷ್ಟು ಹೊಂದಿಕೊಂಡಿದ್ದವು ಅನ್ನುವುದು ಮುಖ್ಯವಾಗಿತ್ತು.

ಲೆಕ್ಕದಮೇಷ್ಟ್ರು:
ಮನೆಯವರು ಹೇಳಿದ್ದು ಅದು, ನಾಯಿ ಹೇಳಿದ್ದಲ್ಲ. ದುಃಖದಲ್ಲಿರುವವರಿಗೆ ಎಲ್ಲರೂ ದುಃಖದಲ್ಲಿರುವ ಹಾಗೆ ಕಾಣುತ್ತಾರೆ. ಆದರೆ ನಿಮ್ಮ ತಾಯಿ ಮಗುವಿನ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ, ಯೋಚನೆ ಮಾಡುತ್ತೇನೆ.

ತುಂಗಾತೀರ:
ಹತ್ತು ದಿನ ಆಯಿತು, ಮೇಷ್ಟ್ರು ಕೇಳಿದ್ದಕ್ಕೆ ಉತ್ತರ. ನೆಕ್ಕುವುದು ಆರನೇ ದಿನಕ್ಕೆ ನಿಂತಿತು. ಬೆಳಿಗ್ಗೆ ಒಂದು ಸಲ ಹೋಗಿ ಆ ಕಿವಿ ಮೂಸುತ್ತಾಳೆ, ಅಷ್ಟೇ. ಊಟಕ್ಕೆ ಎಬ್ಬಿಸುವುದು, ರಾತ್ರಿ ಮುಟ್ಟಿ ಹೋಗುವುದು ಎಲ್ಲ ಮೊದಲಿನ ಹಾಗೇ ಇದೆ. ಹನಿ ಹಾಕುವಾಗ ಮೊದಲ ಎರಡು ದಿನ ಕೋಣೆಯಲ್ಲಿ ಬಿಟ್ಟಿದ್ದೆವು. ಈಗ ಹತ್ತಿರ ಕೂರುತ್ತಾಳೆ. ಗುರ್ರ್ ಇಲ್ಲ. ಆಕಳಿಸುತ್ತಾಳೆ, ತುಟಿ ನೆಕ್ಕುತ್ತಾಳೆ, ಆಗ ನಾನು ಸ್ವಲ್ಪ ನಿಲ್ಲಿಸುತ್ತೇನೆ.

ಅಪ್ಪ ಈಗ ಔಷಧದ ಬಾಟಲಿ ತೆಗೆದು ಮೊದಲು ಬೆಳ್ಳಿಗೆ ಮೂಸಲು ಕೊಡುತ್ತಾರೆ. ಅವಳು ಮುಖ ತಿರುಗಿಸಿ ಮಲಗಿದ ಮೇಲೆ ಕರಿಯನ ತಲೆ ಹಿಡಿಯುತ್ತಾರೆ.

ಹಟ್ಟಿಮನೆ:
ನಿಮ್ಮ ಅಪ್ಪಾಜಿಗೆ ನಮ್ಮ ಅಪ್ಪನ ನಮಸ್ಕಾರ ಹೇಳಿರಿ. ಇಬ್ಬರದೂ ಒಂದು ಫೋಟೋ ಹಾಕಿ.

ತುಂಗಾತೀರ:
ಇಲ್ಲಿ ಮಳೆ, ನೆಟ್ ಸಿಗುವುದೇ ಕಷ್ಟ. ಪೇಟೆಗೆ ಹೋದಾಗ ಹಾಕುತ್ತೇನೆ.

ಹೊಸಬ_ಹಾಸನ:
ಎಲ್ಲಾ ಓದಿದೆ. ನಮ್ಮನೆಗೆ ನಾಳೆ ಎರಡನೇ ಮರಿ ಬರುತ್ತಿದೆ, ಐದು ವಾರದ್ದು. ದೊಡ್ಡ ನಾಯಿ ಒಪ್ಪಿಕೊಳ್ಳುತ್ತದಾ?

ಧಾರವಾಡ_ಪಶುವೈದ್ಯೆ:
ಐದು ವಾರ ತುಂಬಾ ಬೇಗ. ಎಂಟು ವಾರ ತುಂಬುವ ಮೊದಲು ಮರಿ ಮಾರುವಂತಿಲ್ಲ ಅಂತ 2017ರ ನಿಯಮವೇ ಇದೆ. ಎಷ್ಟು ಗಟ್ಟಿಯಾಗಿ ಕಚ್ಚಿದರೆ ನೋವಾಗುತ್ತದೆ ಅನ್ನುವುದನ್ನು ಅದು ಅಮ್ಮನ ಹತ್ತಿರ, ಒಡಹುಟ್ಟಿದ ಮರಿಗಳ ಹತ್ತಿರ ಕಲಿಯುವ ಸಮಯ ಇದು. ಇನ್ನೂ ಮೂರು ವಾರ ಅಮ್ಮನ ಹತ್ತಿರವೇ ಬಿಡಲು ಹೇಳಿ. ಆಮೇಲೆ ಇಲ್ಲೇ ಬರೆಯಿರಿ, ದೊಡ್ಡದಕ್ಕೆ ಹೇಗೆ ಪರಿಚಯ ಮಾಡಿಸಬೇಕು ಅಂತ ಹೇಳುತ್ತೇನೆ.

ಹೊಸಬ_ಹಾಸನ:
ಸರಿ ಮೇಡಂ, ಈಗಲೇ ಫೋನ್ ಮಾಡುತ್ತೇನೆ.